‘ಒಲ್ಲೆ’ ಎನ್ನಲು ಬೇಕಾದ ರೊಕ್ಕ

(ಸಮಾಜಕಾರ್ಯ ವಿದ್ಯಾರ್ಥಿಗಳು, ಆರೋಗ್ಯ ಕಾರ್ಯಕರ್ತರು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ಆರ್ಥಿಕ ಸಬಲೀಕರಣಕ್ಕೂ ಎಚ್‌ಐವಿ ತಡೆಗೂ ಇರುವ ನಂಟು ಇಂದಿನ ವಿಷಯ. ಅದನ್ನು ಒಂದು ರಾತ್ರಿಯ ಲೆಕ್ಕದಿಂದ ಆರಂಭಿಸುತ್ತೇನೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯ ಮಹಡಿ ಮನೆಯಲ್ಲಿ, ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರಿಗಾಗಿ ನಡೆಯುತ್ತಿದ್ದ ಡ್ರಾಪ್ ಇನ್ ಸೆಂಟರಿನಲ್ಲಿ, ಅಂದರೆ ಅವರು ಬಂದು ಕೂತು ಸಲಹೆ, ತಪಾಸಣೆ ಪಡೆಯುವ ಕೇಂದ್ರದಲ್ಲಿ, ನಾನು ಕೆಲವು ವರ್ಷ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದೆ. ಅಲ್ಲಿಗೆ ತಪ್ಪದೆ ಬರುತ್ತಿದ್ದವರಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರಿದ್ದರು. ಕಾಂಡೋಮ್ ಬಳಸುವ ಕ್ರಮವನ್ನು ಹೊಸಬರಿಗೆ ಮರದ ಮಾದರಿಯ ಮೇಲೆ ತೋರಿಸಿಕೊಡುವ ಕೆಲಸವನ್ನು ನಾವು ಅವರಿಗೇ ಒಪ್ಪಿಸುತ್ತಿದ್ದೆವು. ನಮ್ಮ ಸಿಬ್ಬಂದಿಗಿಂತ ಅವರು ಚೆನ್ನಾಗಿ ಹೇಳುತ್ತಿದ್ದರು, ನಾಚಿಕೆಯಿಂದ ತಲೆ ತಗ್ಗಿಸಿ ಕೂತವರನ್ನು ನಗಿಸಿ ಕಲಿಸುತ್ತಿದ್ದರು. ಒಂದು ತಪಾಸಣೆಯಲ್ಲಿ ಅವರಿಗೇ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ಇರುವುದು ಗೊತ್ತಾಯಿತು. ಎಲ್ಲವನ್ನೂ ತಿಳಿದವರಿಗೆ ಹೀಗೇಕಾಯಿತು ಎಂದು ನಾನು ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹೇಳಿದರು. ಚಿಕ್ಕ ಮಗುವಿಗೆ ಮೂರು ದಿನದಿಂದ ಜ್ವರ, ಬಡ್ಡಿಯವನ ವಾರದ ಕಂತು ಮರುದಿನಕ್ಕೆ ಬಾಕಿ, ಕೈಯಲ್ಲಿ 40 ರೂಪಾಯಿ. ರಾತ್ರಿ ಒಂಬತ್ತರ ಮೇಲೆ ಸಿಕ್ಕ ಒಬ್ಬನೇ ಗಿರಾಕಿ ಕಾಂಡೋಮ್ ಇದ್ದರೆ 300, ಇಲ್ಲದಿದ್ದರೆ 500 ಎಂದ. “ಒಲ್ಲೆ ಅನ್ನಾಕ ರೊಕ್ಕ ಬೇಕ್ರೀ ಅಕ್ಕಾರ” ಎಂದು ಹೇಳಿ ಅವರು ಸುಮ್ಮನಾದರು.

ಆ ಹೊತ್ತಿನಲ್ಲಿ ನನ್ನ ಮೇಜಿನ ಮೇಲೆ ಉಚಿತ ಕಾಂಡೋಮಿನ ಪೆಟ್ಟಿಗೆಗಳಿದ್ದವು, ಗೋಡೆಯ ಮೇಲೆ ಬಣ್ಣದ ಭಿತ್ತಿಪತ್ರಗಳಿದ್ದವು, ಪಕ್ಕದ ಕೋಣೆಯಲ್ಲಿ ಪೆನಿಸಿಲಿನ್ ಚುಚ್ಚುಮದ್ದೂ ಇತ್ತು. ಆ ರಾತ್ರಿ ಅವರಿಗೆ ಕಡಿಮೆ ಬಿದ್ದದ್ದು 200 ರೂಪಾಯಿ, ಮತ್ತು ಅದು ಮಾತ್ರ ನಮ್ಮಲ್ಲಿ ಇರಲಿಲ್ಲ. ಅವರಿಗೆ ತಿಳಿವಳಿಕೆ ಕೊಡುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ತಿಳಿವಳಿಕೆಯ ಕೊರತೆ ಅವರಿಗೆ ಇರಲೇ ಇಲ್ಲ. ಆರ್ಥಿಕ ಸಬಲೀಕರಣ ಎಂಬ ಮಾತನ್ನು ನಾನು ಆ ದಿನದಿಂದ ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತ ಬಂದಿದ್ದೇನೆ. ಎಚ್‌ಐವಿ ತಡೆಗೆ ಸಂಬಂಧಿಸಿದಂತೆ ಅದರ ಮೊದಲ ಗುರಿ ಮಹಿಳೆಯನ್ನು ವೃತ್ತಿಯಿಂದ ಬಿಡಿಸುವುದಲ್ಲ, ಶ್ರೀಮಂತಳನ್ನಾಗಿ ಮಾಡುವುದೂ ಅಲ್ಲ. ಯಾವುದೋ ಒಂದು ರಾತ್ರಿ, ಯಾರೋ ಒಬ್ಬ ಗಿರಾಕಿಗೆ, ಮರುದಿನದ ಅಡುಗೆಗೆ ಅಡ್ಡಿಯಾಗದಂತೆ ‘ಒಲ್ಲೆ’ ಎನ್ನುವ ಶಕ್ತಿಯನ್ನು ಅವಳ ಕೈಗೆ ಕೊಡುವುದು ಅದರ ಗುರಿ. ಇಂದು ನಾನು ಹೇಳುವುದೆಲ್ಲ ಈ ಮಾತಿನ ಸುತ್ತಲೇ ಇರುತ್ತದೆ.

ಆ ಮಹಿಳೆ ಹೇಳಿದ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಬೇರೆ ಬೇರೆ ದೇಶಗಳಲ್ಲಿ ಅಳೆದು ನೋಡಿದ್ದಾರೆ. ಲೈಂಗಿಕ ವೃತ್ತಿಯ ದೊಡ್ಡ ಕೇರಿಯಾದ ಕೋಲ್ಕತ್ತಾದ ಸೋನಾಗಾಚಿಯಲ್ಲಿ 1990ರ ದಶಕದ ಆರಂಭದಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸದಾ ಕಾಂಡೋಮ್ ಬಳಸುತ್ತಿದ್ದ ಮಹಿಳೆಯರ ಸರಾಸರಿ ಗಳಿಕೆಯಲ್ಲಿ ಆಗುತ್ತಿದ್ದ ನಷ್ಟ ಶೇ. 66ರಿಂದ 79ರಷ್ಟಿತ್ತು. ಮೂರು ಪಾಲಿನಲ್ಲಿ ಎರಡು ಪಾಲು ಸಂಬಳ ಬಿಟ್ಟು ಆರೋಗ್ಯ ಕಾಪಾಡಿಕೊಳ್ಳಿ ಎಂದು ನಮಗೆ ಯಾರಾದರೂ ಹೇಳಿದರೆ ನಮ್ಮಲ್ಲಿ ಎಷ್ಟು ಜನ ಒಪ್ಪುತ್ತೇವೆ ಎಂಬುದನ್ನು ಈ ಸಭೆಯಲ್ಲಿರುವವರು ಪ್ರಾಮಾಣಿಕವಾಗಿ ಯೋಚಿಸಬೇಕು. ಮೆಕ್ಸಿಕೋದಲ್ಲಿ ನಡೆದ ಮತ್ತೊಂದು ಅಧ್ಯಯನ ಕಾಂಡೋಮ್ ಇಲ್ಲದ ಸಂಪರ್ಕಕ್ಕೆ ಗಿರಾಕಿಗಳು ಶೇ. 23ರಷ್ಟು ಹೆಚ್ಚು ಕೊಡುತ್ತಾರೆ ಎಂದು ಕಂಡುಕೊಂಡಿತು. ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಪಶ್ಚಿಮ ಕೀನ್ಯಾದ ಅಧ್ಯಯನ. ಅಲ್ಲಿ 192 ಮಹಿಳೆಯರು ದಿನಚರಿ ಬರೆದಿಟ್ಟರು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದ ದಿನಗಳಲ್ಲಿ ಅವರು ಅಸುರಕ್ಷಿತ ಸಂಪರ್ಕಕ್ಕೆ ಒಪ್ಪುವ ಸಾಧ್ಯತೆ ಶೇ. 19.1ರಷ್ಟು ಹೆಚ್ಚಿತ್ತೆಂದು ಆ ದಿನಚರಿಗಳಿಂದ ತಿಳಿಯಿತು. ಮಗುವಿನ ಜ್ವರಕ್ಕೂ ತಾಯಿಯ ಸೋಂಕಿಗೂ ಇರುವ ಸಂಬಂಧ ನಮ್ಮ ತಾಲ್ಲೂಕಿನ ಆ ಮಹಡಿ ಮನೆಯದು ಮಾತ್ರ ಆಗಿರಲಿಲ್ಲ.

ಈ ಅಂಕಿಗಳನ್ನು ಓದಿದವರಿಗೆ ಇದು ಬಡತನದ ಸಮಸ್ಯೆ, ಆದಾಯ ಹೆಚ್ಚಿಸಿದರೆ ಪರಿಹಾರವಾಗುತ್ತದೆ ಎಂದು ತೋರುವುದು ಸಹಜ. ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಕೀನ್ಯಾದ ಮಹಿಳೆಯರು ಅಪಾಯಕ್ಕೆ ಒಪ್ಪಿದ್ದು ವರ್ಷವಿಡೀ ಬಡವರಾಗಿದ್ದುದರಿಂದಲ್ಲ, ಆ ದಿನ ಕೈಯಲ್ಲಿ ಹಣ ಇಲ್ಲದಿದ್ದುದರಿಂದ. ವರ್ಷದ ಒಟ್ಟು ಗಳಿಕೆ ಎಷ್ಟೆಂಬುದಕ್ಕಿಂತ, ಅನಿರೀಕ್ಷಿತ ಖರ್ಚು ಬಂದ ದಿನ ಎತ್ತಿಕೊಳ್ಳಲು ಸಿಗುವ ಹಣ ಎಷ್ಟೆಂಬುದು ಇಲ್ಲಿ ಮುಖ್ಯವಾಗುತ್ತದೆ. ಹಾಗಾಗಿ ಉಳಿತಾಯ, ತುರ್ತು ಸಾಲ, ಪಡಿತರ, ಉಚಿತ ವೈದ್ಯಕೀಯ ನೆರವು, ಇವೆಲ್ಲ ಎಚ್‌ಐವಿ ತಡೆಯ ಸಾಧನಗಳೇ. ಇವುಗಳನ್ನು ಆರೋಗ್ಯ ಕಾರ್ಯಕ್ರಮದ ಹೊರಗೆ ‘ಕಲ್ಯಾಣ’ ಎಂಬ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ನಾವು ಬಹುಕಾಲ ಮಾಡಿದ ತಪ್ಪು ಎಂದು ನಾನು ನಂಬಿದ್ದೇನೆ.

ಸೋನಾಗಾಚಿಯಲ್ಲಿ ಇದು ಬಹಳ ಮುಂಚೆಯೇ ಅರ್ಥವಾಗಿತ್ತು. 1992ರಲ್ಲಿ ಸಾರ್ವಜನಿಕ ಆರೋಗ್ಯ ತಜ್ಞ ಡಾ. ಸ್ಮರಜಿತ್ ಜಾನಾ ಅವರು ಅಲ್ಲಿ ಲೈಂಗಿಕ ಸೋಂಕು ತಡೆಯ ಯೋಜನೆಯನ್ನು ಆರಂಭಿಸಿದಾಗ ಕಾಂಡೋಮ್ ಬಳಕೆಯ ಪ್ರಮಾಣ ಶೇ. 3ರಷ್ಟೂ ಇರಲಿಲ್ಲ. ವೃತ್ತಿಯಲ್ಲಿದ್ದ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ನೇಮಿಸಿದ್ದು ಆ ಯೋಜನೆಯ ಮೊದಲ ಹೆಜ್ಜೆ. ಒಬ್ಬಳು ಮಾತ್ರ ಕಾಂಡೋಮ್ ಬೇಕೆಂದು ಹಟ ಹಿಡಿದರೆ ಗಿರಾಕಿ ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಓಣಿಯ ಎಲ್ಲ ಬಾಗಿಲುಗಳಲ್ಲೂ ಅದೇ ಮಾತು ಕೇಳಿಬಂದರೆ ಅವನಿಗೆ ಹೋಗಲು ಬೇರೆ ಜಾಗವಿಲ್ಲ, ಹೆಚ್ಚುವರಿ ಹಣದ ಆಮಿಷಕ್ಕೂ ಅರ್ಥ ಉಳಿಯುವುದಿಲ್ಲ. ಕಾರ್ಮಿಕ ಸಂಘಟನೆಗಳು ಕೂಲಿಯ ವಿಷಯದಲ್ಲಿ ಮಾಡುವ ಕೆಲಸ ಇದೇ ತಾನೇ? 1995ರಲ್ಲಿ ಅಲ್ಲಿನ ಮಹಿಳೆಯರು ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು, ಅದೇ ವರ್ಷ ಉಷಾ ಎಂಬ ಸಹಕಾರ ಸಂಘವೂ ಹುಟ್ಟಿತು.

ಉಷಾ ಸಂಘದ ನೋಂದಣಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಶ್ಚಿಮ ಬಂಗಾಳದ ಅಂದಿನ ಸಹಕಾರ ನಿಯಮದಲ್ಲಿ ಸದಸ್ಯರು ‘ಉತ್ತಮ ನಡತೆ’ಯವರಾಗಿರಬೇಕು ಎಂಬ ಷರತ್ತು ಇತ್ತು. ಲೈಂಗಿಕ ವೃತ್ತಿಯವರು ಆ ಷರತ್ತಿಗೆ ಒಳಪಡುವುದಿಲ್ಲ ಎಂಬುದು ಕಚೇರಿಯ ವಾದ. ಅರ್ಜಿಯಲ್ಲಿ ಗೃಹಿಣಿಯರು ಎಂದು ಬರೆದುಕೊಟ್ಟರೆ ಕೆಲಸ ಸುಲಭವಾದೀತು ಎಂಬ ಸಲಹೆಯೂ ಅವರಿಗೆ ಬಂದಿತ್ತು. ಅವರು ಒಪ್ಪಲಿಲ್ಲ, ತಮ್ಮ ವೃತ್ತಿಯ ಹೆಸರಿನಲ್ಲೇ ನೋಂದಣಿಯಾಗಬೇಕೆಂದು ಪಟ್ಟು ಹಿಡಿದರು, ಕೊನೆಗೆ ಸರ್ಕಾರವೇ ದಾರಿ ಬಿಡಬೇಕಾಯಿತು. ಸುಳ್ಳು ಹೇಳಿ ಸಂಘ ಕಟ್ಟಿದ್ದರೆ ಆ ಸುಳ್ಳು ಬಯಲಾಗುವ ಭಯವೇ ಮುಂದೆ ಯಾರದೋ ಕೈಯ ಆಯುಧವಾಗುತ್ತಿತ್ತು. ಆ ಹಟದ ಬೆಲೆ ಏನೆಂದು ಬ್ಯಾಂಕಿನ ಅರ್ಜಿಯ ‘ಉದ್ಯೋಗ’ ಎಂಬ ಕಲಮಿನ ಮುಂದೆ ಪೆನ್ನು ಹಿಡಿದು ಕೂತ ಮಹಿಳೆಯರನ್ನು ನೋಡಿದ ನನಗೆ ಚೆನ್ನಾಗಿ ಗೊತ್ತು.

ಉಷಾ ಮಾಡಿದ್ದು ಸರಳವಾದ ಕೆಲಸ. ಬೇರೆಡೆ ಖಾತೆ ಸಿಗದವರ ದಿನದ ಗಳಿಕೆಯಲ್ಲಿ ಒಂದಿಷ್ಟನ್ನು ಅವರ ಬಾಗಿಲಲ್ಲೇ ಸಂಗ್ರಹಿಸಿತು, ಮಗುವಿನ ಶಾಲೆಗೆ, ಕಾಯಿಲೆಗೆ, ಮನೆಯ ದುರಸ್ತಿಗೆ ನ್ಯಾಯವಾದ ಬಡ್ಡಿಗೆ ಸಾಲ ಕೊಟ್ಟಿತು. ಅದಕ್ಕೆ ಮೊದಲು ಈ ಮಹಿಳೆಯರ ಸಾಲಕ್ಕೆ ಇದ್ದ ದಾರಿ ವೇಶ್ಯಾಗೃಹ ನಡೆಸುವ ಘರ್‌ವಾಲಿ ಮತ್ತು ಬಡ್ಡಿ ವ್ಯಾಪಾರಿ. ಸಾಲ ಕೊಟ್ಟವಳೇ ಕೋಣೆಯ ಒಡತಿಯೂ ಆಗಿದ್ದರೆ, ಅವಳು ಕಳಿಸಿದ ಗಿರಾಕಿಯನ್ನು ತಿರಸ್ಕರಿಸುವ ಪ್ರಶ್ನೆಯೇ ಬರುವುದಿಲ್ಲ. ಆ ಋಣ ತೀರಿದ ದಿನವೇ ಮಾತಾಡುವ ಧೈರ್ಯವೂ ಬಂದದ್ದು. 1990ರ ದಶಕದ ಕೊನೆಯ ಹೊತ್ತಿಗೆ ಸೋನಾಗಾಚಿಯಲ್ಲಿ ಕಾಂಡೋಮ್ ಬಳಕೆ ಬಹುಪಾಲು ಎಲ್ಲೆಡೆ ರೂಢಿಯಾಗಿತ್ತು. ಮುಂಬೈಯ ವೇಶ್ಯಾಗೃಹಗಳಲ್ಲಿ ಅದೇ ದಶಕದಲ್ಲಿ ಸೋಂಕು ಅರ್ಧಕ್ಕೂ ಹೆಚ್ಚು ಮಹಿಳೆಯರನ್ನು ಮುಟ್ಟಿದರೆ, ಕೋಲ್ಕತ್ತಾದಲ್ಲಿ ಅದು ಅಷ್ಟು ಎತ್ತರಕ್ಕೆ ಏರಲಿಲ್ಲ. ಇದಕ್ಕೆ ಸಹಕಾರ ಸಂಘವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಸಂಘಟನೆ, ಚಿಕಿತ್ಸಾಲಯ, ಪೊಲೀಸರೊಂದಿಗಿನ ಮಾತುಕತೆ ಎಲ್ಲವೂ ಒಟ್ಟಿಗೆ ನಡೆದವು. ಆದರೆ ಈ ಮಾದರಿಯನ್ನು ಬೇರೆ ಊರಿಗೆ ಒಯ್ದು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಎರಡು ಸಣ್ಣ ಪಟ್ಟಣಗಳಿಂದ ಆಯ್ದ ಒಟ್ಟು 200 ಮಹಿಳೆಯರಲ್ಲಿ, ಸೋನಾಗಾಚಿ ಮಾದರಿ ಜಾರಿಯಾದ ಕಡೆ ಕಾಂಡೋಮ್ ಬಳಕೆ ಶೇ. 39ರಷ್ಟು ಹೆಚ್ಚಿದರೆ, ಸಾಮಾನ್ಯ ಚಿಕಿತ್ಸೆ ಮತ್ತು ತಿಳಿವಳಿಕೆ ಮಾತ್ರ ಸಿಕ್ಕ ಕಡೆ ಶೇ. 11ರಷ್ಟು ಹೆಚ್ಚಿತು.

ಬಾಗಿಲಿಗೆ ಬಂದು ದಿನದ ಹಣ ಕಟ್ಟಿಸಿಕೊಳ್ಳುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. 1928ರಲ್ಲಿ ಕರಾವಳಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಎರಡಾಣೆಯಿಂದ ಆರಂಭಿಸಿದ ಪಿಗ್ಮಿ ಠೇವಣಿ ಇದೇ. ನೇಕಾರರು, ಮೀನುಗಾರರು, ಸಣ್ಣ ಅಂಗಡಿಯವರು ದಿನದಿನದ ಗಳಿಕೆಯಿಂದಲೇ ಬದುಕುತ್ತಾರೆ, ತಿಂಗಳ ಕೊನೆಗೆ ಉಳಿಸುವುದು ಅವರಿಗೆ ಆಗದ ಮಾತು ಎಂದು ಅದನ್ನು ರೂಪಿಸಿದವರಿಗೆ ಅರ್ಥವಾಗಿತ್ತು. ಲೈಂಗಿಕ ವೃತ್ತಿಯ ಮಹಿಳೆಯ ಗಳಿಕೆಯ ಸ್ವರೂಪವೂ ಅದೇ. ಸಂಜೆ ಬಂದ ರೊಕ್ಕ ಬೆಳಗಾಗುವಷ್ಟರಲ್ಲಿ ಸಂಗಾತಿಯ ಕುಡಿತಕ್ಕೋ, ಲಾಡ್ಜಿನವನ ಪಾಲಿಗೋ, ಬೀಟಿನ ಮೇಲಿರುವ ಪೊಲೀಸನ ಕೈಗೋ ಹೋಗಿಬಿಡುತ್ತದೆ. ಕೈಯಲ್ಲಿ ಇಟ್ಟುಕೊಂಡ ಹಣ ಅವಳದಾಗಿ ಉಳಿಯುವುದಿಲ್ಲ; ಕೈ ದಾಟಿ ಪಾಸ್‌ಬುಕ್ಕಿಗೆ ಹೋದದ್ದು ಮಾತ್ರ ಅವಳದು.

ಕರ್ನಾಟಕದಲ್ಲಿ 2003ರ ಸುಮಾರಿಗೆ ಗೇಟ್ಸ್ ಪ್ರತಿಷ್ಠಾನದ ನೆರವಿನ ಎಚ್‌ಐವಿ ತಡೆ ಯೋಜನೆಯಾದ ಆವಾಹನ್ ಮೂಲಕ ದೊಡ್ಡ ಪ್ರಮಾಣದ ಕೆಲಸ ಆರಂಭವಾಯಿತು. ನಮ್ಮ ರಾಜ್ಯದ ಪರಿಸ್ಥಿತಿ ಕೋಲ್ಕತ್ತಾದಂತಿರಲಿಲ್ಲ. ಇಲ್ಲಿ ಸೋನಾಗಾಚಿಯಂಥ ಒಂದೇ ಓಣಿ ಇಲ್ಲ. ಬಸ್ ನಿಲ್ದಾಣ, ಲಾಡ್ಜು, ಮನೆ, ಹೆದ್ದಾರಿ, ಈಗ ಮೊಬೈಲು, ಹೀಗೆ ವೃತ್ತಿ ಚದುರಿಹೋಗಿದೆ. ಚದುರಿದವರನ್ನು ಒಟ್ಟುಗೂಡಿಸುವುದೇ ಇಲ್ಲಿನ ಮೊದಲ ಸವಾಲಾಗಿತ್ತು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರದೇ ಸಂಘಟನೆಯಾದ ಆಶೋದಯ ಸಮಿತಿ ಆ ಸವಾಲನ್ನು ಎದುರಿಸಿದ ರೀತಿಯ ಬಗ್ಗೆ ಸಾಕಷ್ಟು ದಾಖಲೆಗಳಿವೆ. 2004 ಮತ್ತು 2006ರ ನಡುವೆ ಅಲ್ಲಿ ಸಿಫಿಲಿಸ್ ಪ್ರಮಾಣ ಶೇ. 25ರಿಂದ 12ಕ್ಕೆ ಇಳಿಯಿತು, ಅಪರೂಪಕ್ಕೆ ಬರುವ ಗಿರಾಕಿಗಳೊಂದಿಗೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತು. ಎಚ್‌ಐವಿ ಪ್ರಮಾಣ ಶೇ. 26ರಿಂದ 24, ಅಂದರೆ ಬಹುಮಟ್ಟಿಗೆ ಅಲ್ಲೇ ನಿಂತಿತು. ಸೋಂಕಿತರು ಬದುಕಿರುವವರೆಗೆ ಆ ಅಂಕಿ ಬೇಗ ಕೆಳಗಿಳಿಯದು, ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಆಶೋದಯದ ಮಹಿಳೆಯರು ಮುಂದೆ ತಾವೇ ಒಂದು ಹೋಟೆಲನ್ನೂ ನಡೆಸಿದರು. ತಮ್ಮ ಕೈಯಡುಗೆಯನ್ನು ಊರಿನ ಜನ ಬಂದು ಕೂತು ಉಣ್ಣುವುದು ಅವರಿಗೆ ಆದಾಯಕ್ಕಿಂತ ದೊಡ್ಡ ವಿಷಯವಾಗಿತ್ತು. ಬೆಂಗಳೂರಿನಲ್ಲಿ ಸ್ವಾತಿ ಮಹಿಳಾ ಸಂಘವು ಪ್ರಗತಿ ಎಂಬ ಕಾರ್ಯಕ್ರಮದಡಿ ಚಿಕಿತ್ಸೆ, ದೌರ್ಜನ್ಯಕ್ಕೆ ತಕ್ಷಣದ ಸ್ಪಂದನೆ ಮತ್ತು ಕಿರುಸಾಲವನ್ನು ಒಂದೇ ಸೂರಿನಡಿ ತಂದಿತು.

ಮೈಸೂರಿನ ಅದೇ ಅಧ್ಯಯನದ ಇನ್ನೊಂದು ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕಾಗಿದೆ. ಖಾಯಂ ಸಂಗಾತಿಯೊಂದಿಗೆ ಕಾಂಡೋಮ್ ಬಳಕೆ ಶೇ. 7ರಿಂದ 30ಕ್ಕೆ ಏರಿತು. ಏರಿಕೆ ದೊಡ್ಡದೇ, ಆದರೂ ಹತ್ತರಲ್ಲಿ ಏಳು ಮಂದಿಯ ಮಟ್ಟಿಗೆ ಮನೆಯೊಳಗಿನ ಅಪಾಯ ಹಾಗೇ ಉಳಿಯಿತು. ಗಿರಾಕಿಯ ಎದುರು ಗಟ್ಟಿಯಾಗಿ ನಿಲ್ಲುವವಳು ‘ಯಜಮಾನ’ನ ಎದುರು ಮೆತ್ತಗಾಗುತ್ತಾಳೆ. ಅವನು ಬೇರೆ ಕಡೆ ಸಂಸಾರ ಇಟ್ಟುಕೊಂಡವನಿರಬಹುದು, ಇವಳ ಗಳಿಕೆಯಲ್ಲೇ ಉಣ್ಣುವವನೂ ಇರಬಹುದು. ಆದರೆ ಮಗುವಿನ ಶಾಲೆಯ ಅರ್ಜಿಯಲ್ಲಿ ತಂದೆಯ ಜಾಗಕ್ಕೆ ಅವನ ಹೆಸರು ಬೇಕು, ಊರವರ ಕಣ್ಣಿಗೆ ಒಬ್ಬ ಗಂಡಸಿನ ನೆರಳು ಬೇಕು, ಅದಕ್ಕಿಂತ ಹೆಚ್ಚಾಗಿ ಪ್ರೀತಿಯೂ ಇರುತ್ತದೆ. ಕಾಂಡೋಮ್ ಬೇಕೆನ್ನುವುದು ಅಲ್ಲಿ ‘ನೀನೂ ಗಿರಾಕಿಯೇ’ ಎಂದು ಹೇಳಿದ ಹಾಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ದೇವದಾಸಿ ಪದ್ಧತಿಯ ಹಿನ್ನೆಲೆಯಿಂದ ಬಂದ ಕುಟುಂಬಗಳಲ್ಲಿ ಈ ಸಂಬಂಧಗಳು ಇನ್ನೂ ಜಟಿಲವಾಗಿವೆ. 1982ರ ಕಾಯ್ದೆ ಮಗಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಮನೆಯ ಹಿರಿಯ ಮಗಳೇ ಮನೆಯ ಅನ್ನದ ಭಾರ ಹೊರಬೇಕೆಂಬ ನಿರೀಕ್ಷೆಯನ್ನು ಅದರಿಂದ ಅಳಿಸಲಾಗಲಿಲ್ಲ.

ಇಂಥ ಕಡೆ ಹಣ ಎಷ್ಟು ಕೆಲಸ ಮಾಡೀತು? ಸ್ವಲ್ಪ ಮಟ್ಟಿಗೆ ಮಾತ್ರ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಹಳ್ಳಿಗಳ ಬಡ ಮಹಿಳೆಯರಿಗೆ ಕಿರುಸಾಲದೊಂದಿಗೆ ಗಂಡು ಹೆಣ್ಣಿನ ನಡುವಿನ ಅಸಮಾನತೆಯ ಕುರಿತ ತರಬೇತಿಯನ್ನೂ ಕೊಟ್ಟ ಪ್ರಯೋಗದಲ್ಲಿ ಎರಡು ವರ್ಷಗಳೊಳಗೆ ಸಂಗಾತಿಯಿಂದಾಗುವ ಹಿಂಸೆ ಶೇ. 55ರಷ್ಟು ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಬರೀ ಸಾಲ ಕೊಟ್ಟ ಹಳ್ಳಿಗಳ ಜೊತೆ ಹೋಲಿಸಿ ನೋಡಿದಾಗ, ಅಲ್ಲಿ ಹಣಕಾಸಿನ ಸ್ಥಿತಿ ಸುಧಾರಿಸಿದರೂ ಹಿಂಸೆ ಮತ್ತು ಎಚ್‌ಐವಿ ಅಪಾಯದ ವಿಷಯದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಲೈಂಗಿಕ ವೃತ್ತಿಗೆ ಸಂಬಂಧವಿಲ್ಲದ ಈ ಪ್ರಯೋಗದಿಂದ ನಾನು ಕಲಿತದ್ದಿಷ್ಟು. ಮಹಿಳೆಯರು ಕೂಡಿ ಕೂತು ಮಾತಾಡುವ ಜಾಗವಿಲ್ಲದೆ ಕೈಗೆ ಬಂದ ಹಣ ಮನೆಯೊಳಗಿನ ಬಲವನ್ನು ಬದಲಿಸುವುದಿಲ್ಲ. ಕೆಲವೊಮ್ಮೆ ಆ ಹಣವೇ ಹೊಡೆತಕ್ಕೆ ಹೊಸ ಕಾರಣವಾಗುತ್ತದೆ.

ಈಗ ಹೊಲಿಗೆ ಯಂತ್ರದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸಬಲೀಕರಣ ಎಂದರೆ ಬಹುಮಂದಿಯ ಕಣ್ಣ ಮುಂದೆ ಬರುವುದು ಹೊಲಿಗೆ ಯಂತ್ರ ವಿತರಣೆಯ ಫೋಟೋ. ಮೂರು ತಿಂಗಳ ತರಬೇತಿಗೆ ಬರುವವಳು ಆ ಮೂರು ತಿಂಗಳು ಏನು ಉಣ್ಣಬೇಕೆಂದು ಕೇಳದೆ ರೂಪಿಸಿದ ಯೋಜನೆಗಳನ್ನು ನಾನು ಕಂಡಿದ್ದೇನೆ. ಯಂತ್ರ ಮನೆಗೆ ಬಂದರೂ ಊರಿನವರು ಅವಳ ಬಳಿ ರವಿಕೆ ಹೊಲಿಸಲು ಬರಲಿಲ್ಲ. ಬಂದವರೂ ಅರ್ಧ ಕೂಲಿ ಕೊಟ್ಟರು. ಒಂದು ವರ್ಷದೊಳಗೆ ಯಂತ್ರ ಬಡ್ಡಿಯವನ ಮನೆ ಸೇರಿತು. ಆದರೂ ಪರ್ಯಾಯ ದುಡಿಮೆಯ ಪ್ರಯತ್ನವೇ ವ್ಯರ್ಥ ಎಂದು ತಳ್ಳಿಹಾಕುವಂತಿಲ್ಲ. ಚೆನ್ನೈನಲ್ಲಿ 100 ಮಹಿಳೆಯರೊಂದಿಗೆ ನಡೆದು 2010ರಲ್ಲಿ ವರದಿಯಾದ ಸಣ್ಣ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಕ್ಯಾನ್ವಾಸ್ ಚೀಲ ಹೊಲಿಯುವ ತರಬೇತಿ ಸಿಕ್ಕಿತು. ಆರು ತಿಂಗಳ ನಂತರ ಅವರ ಆದಾಯ ಹೆಚ್ಚಿತ್ತು, ಸಂಗಾತಿಗಳ ಸಂಖ್ಯೆ ಕಡಿಮೆಯಾಗಿತ್ತು. ಮಂಗೋಲಿಯಾದ ಉಲಾನ್‌ಬಾತರಿನಲ್ಲಿ 107 ಮಹಿಳೆಯರ ನಡುವೆ ನಡೆದ ಪ್ರಯೋಗದಲ್ಲಿ ಮಹಿಳೆ ಉಳಿಸಿದ ಹಣಕ್ಕೆ ಯೋಜನೆಯೂ ತನ್ನ ಪಾಲನ್ನು ಸೇರಿಸಿತು. ಎಚ್‌ಐವಿ ತಿಳಿವಳಿಕೆ ಮಾತ್ರ ಪಡೆದವರಿಗಿಂತ ಉಳಿತಾಯವೂ ಸಿಕ್ಕವರಲ್ಲಿ ಹಣ ಕೊಡುವ ಸಂಗಾತಿಗಳ ಸಂಖ್ಯೆಯೂ ಅಸುರಕ್ಷಿತ ಸಂಪರ್ಕವೂ ಹೆಚ್ಚು ಇಳಿದವು. ಎರಡೂ ಪ್ರಯೋಗಗಳು ಚಿಕ್ಕವು, ಅಲ್ಪ ಅವಧಿಯವು. ಅವುಗಳಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಆದರೆ ಎರಡರಲ್ಲೂ ವೃತ್ತಿ ಬಿಟ್ಟರೆ ಮಾತ್ರ ನೆರವು ಎಂಬ ಷರತ್ತು ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಷರತ್ತು ಹಾಕಿ, ಬಲವಂತ ಮಾಡಿ ‘ಬಿಡಿಸಿದರೆ’ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಯಿದೆ. ಗೋವಾದ ವಾಸ್ಕೋ ಬಳಿಯ ಬೈನಾ ಕಡಲತೀರದ ವಸತಿಯಲ್ಲಿ ಕರ್ನಾಟಕ ಮತ್ತು ಆಂಧ್ರದಿಂದ ಹೋದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. 2004ರ ಮಳೆಗಾಲದಲ್ಲಿ ಆ ಮನೆಗಳನ್ನು ಬುಲ್ಡೋಜರಿನಿಂದ ಕೆಡವಲಾಯಿತು. ವೃತ್ತಿ ನಿಲ್ಲಲಿಲ್ಲ, ಲಾಡ್ಜುಗಳಿಗೆ, ಬೀದಿಗಳಿಗೆ, ಬಾಡಿಗೆ ಕೋಣೆಗಳಿಗೆ ಚದುರಿತು. ಕಾರ್ಯಕರ್ತೆಯರಿಗೆ ಮಹಿಳೆಯರು ಸಿಗುವುದೇ ಕಷ್ಟವಾಯಿತು, ಮಹಿಳೆಯರಿಗೆ ಪರಸ್ಪರರ ಆಸರೆ ತಪ್ಪಿತು. ನಿನ್ನೆಯವರೆಗೆ ಪಕ್ಕದ ಬಾಗಿಲಲ್ಲಿದ್ದವಳ ಬಳಿ ಕೈಗಡ ಕೇಳಬಹುದಾಗಿತ್ತು, ಕೆಟ್ಟ ಗಿರಾಕಿಯ ಬಗ್ಗೆ ಎಚ್ಚರಿಕೆಯ ಮಾತು ಕೇಳಬಹುದಾಗಿತ್ತು. ಬಡವರ ಪಾಲಿನ ವಿಮೆ ಅದೇ. ಮನೆಯೊಂದಿಗೆ ಅದನ್ನೂ ಕೆಡವಿದೆವು.

ಸಾಲದ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಆರ್ಥಿಕ ಸಬಲೀಕರಣ ಎಂದರೆ ಸಾಲ ಕೊಡುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾರದ ಕಂತು ತಪ್ಪದ ಸಾಲ ಈ ವೃತ್ತಿಯಲ್ಲಿರುವವಳ ಪಾಲಿಗೆ ಅಪಾಯದ ಹೊಸ ಮೂಲವಾಗಬಹುದು. ನಾನು ಮೊದಲು ಹೇಳಿದ ಮಹಿಳೆಯ 200 ರೂಪಾಯಿಯ ಹಿಂದೆ ಇದ್ದದ್ದೂ ಒಂದು ಕಂತೇ. ಗುಂಪಿನ ಜಾಮೀನಿನ ಕಿರುಸಾಲವಾದರೆ, ಕಂತಿನ ದಿನ ಗುಂಪಿನ ಉಳಿದವರೆಲ್ಲ ಬಾಗಿಲಲ್ಲಿ ಕೂತಿರುವಾಗ ಅವಳು ಯಾವ ಗಿರಾಕಿಗೂ ‘ಒಲ್ಲೆ’ ಎನ್ನಲಾರಳು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತೆಂಬುದು ಸಮಸ್ಯೆಯ ಗಾತ್ರವನ್ನು ತೋರಿಸುತ್ತದೆ. ಹೀಗಾಗಿ ಉಳಿತಾಯ ಮೊದಲು, ಸಾಲ ಆಮೇಲೆ, ಅದೂ ಕಾಯಿಲೆ ಬಂದ ವಾರ ಕಂತು ಮುಂದೂಡಬಲ್ಲ ತಮ್ಮದೇ ಸಂಘದಿಂದ ಎಂಬ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ‘ದಮನಿತ ಮಹಿಳೆಯರು’ ಎಂದು ಸರ್ಕಾರ ಕರೆಯುವ ಲೈಂಗಿಕ ವೃತ್ತಿಯವರಿಗಾಗಿ ಚೇತನ, ಎಚ್‌ಐವಿ ಸೋಂಕಿತ ಮಹಿಳೆಯರಿಗಾಗಿ ಧನಶ್ರೀ ಎಂಬ ಯೋಜನೆಗಳಿವೆ. ಇವುಗಳ ಹೆಸರನ್ನೇ ಕೇಳದ ಅರ್ಹ ಮಹಿಳೆಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ; ಸಮಾಜಕಾರ್ಯ ಓದುತ್ತಿರುವ ನೀವು ಕ್ಷೇತ್ರಕಾರ್ಯಕ್ಕೆ ಹೋದಾಗ ಈ ಮಾಹಿತಿಯನ್ನು ಜೊತೆಗೆ ಒಯ್ಯಿರಿ.

ಕಾನೂನಿನ ವಿಷಯ ಆರ್ಥಿಕತೆಯಿಂದ ಹೊರಗಿನದಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಅಪರಾಧ, ಅವಳ ಗಳಿಕೆಯಲ್ಲಿ ಬದುಕುವ ವಯಸ್ಕರೂ ಅಪರಾಧಿಗಳು. ಕಾಲೇಜಿಗೆ ಹೋಗುವ ಮಗನೂ ವಯಸ್ಸಾದ ತಾಯಿಯೂ ಈ ಮಾತಿನ ವ್ಯಾಪ್ತಿಗೆ ಬಂದುಬಿಡುತ್ತಾರೆ. ಪೊಲೀಸರ ಭಯವಿದ್ದಾಗ ಗಿರಾಕಿಯೊಂದಿಗೆ ಮಾತುಕತೆಗೆ ಅವಳಿಗೆ ಸಿಗುವುದು ಅರ್ಧ ನಿಮಿಷ. ದರ, ಜಾಗ, ಕಾಂಡೋಮ್ ಮೂರೂ ಆ ಅರ್ಧ ನಿಮಿಷದಲ್ಲೇ ತೀರ್ಮಾನವಾಗಬೇಕು. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ ಮತ್ತು ನಮ್ಮ ಬಳ್ಳಾರಿಯನ್ನು ಮಾದರಿಗಳಾಗಿ ತೆಗೆದುಕೊಂಡಿತ್ತು. ಲೈಂಗಿಕ ವೃತ್ತಿಯನ್ನು ಅಪರಾಧದ ಚೌಕಟ್ಟಿನಿಂದ ಹೊರಗಿಟ್ಟರೆ ಹತ್ತು ವರ್ಷಗಳಲ್ಲಿ ಶೇ. 33ರಿಂದ 46ರಷ್ಟು ಸೋಂಕುಗಳನ್ನು ತಪ್ಪಿಸಬಹುದೆಂದು ಅದು ಅಂದಾಜಿಸಿತು. ಯಾವ ಒಂದು ಔಷಧದಿಂದಲೂ ಸುಲಭಕ್ಕೆ ಸಿಗದ ಫಲ ಅದು.

ಕೋವಿಡ್ ಲಾಕ್‌ಡೌನಿನ ತಿಂಗಳುಗಳಲ್ಲಿ ಗಳಿಕೆ ಒಂದೇ ದಿನಕ್ಕೆ ನಿಂತುಹೋದಾಗ ಈ ಮಹಿಳೆಯರ ಕೈಯಲ್ಲಿ ಏನೂ ಇಲ್ಲ ಎಂಬುದು ದೇಶಕ್ಕೆ ಕಾಣಿಸಿತು. ಹಲವರ ಬಳಿ ಪಡಿತರ ಚೀಟಿಯೂ ಇರಲಿಲ್ಲ, ಚೀಟಿ ಮಾಡಿಸಲು ಬೇಕಾದ ವಿಳಾಸದ ದಾಖಲೆಯೂ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಗುರುತಿನ ದಾಖಲೆ ಕೇಳದೆ ಅವರಿಗೆ ಪಡಿತರ ಕೊಡಬೇಕೆಂದು ರಾಜ್ಯಗಳಿಗೆ ಹೇಳಿತು. 2022ರ ಮೇ 19ರಂದು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಪೊಲೀಸರು ಅವರನ್ನು ಘನತೆಯಿಂದ ನಡೆಸಿಕೊಳ್ಳಬೇಕು, ವಿಳಾಸದ ಪುರಾವೆ ಇಲ್ಲದವರಿಗೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ಕೊಡುವ ಪ್ರಮಾಣಪತ್ರದ ಆಧಾರದ ಮೇಲೆ ಆಧಾರ್ ಸಿಗಬೇಕು, ಅದರಲ್ಲಿ ವೃತ್ತಿ ಗೊತ್ತಾಗುವ ಯಾವ ಗುರುತೂ ಇರಬಾರದು ಎಂದು ನಿರ್ದೇಶಿಸಿತು. ಆಧಾರ್ ಕಾರ್ಡು ಎಚ್‌ಐವಿಯನ್ನು ಹೇಗೆ ತಡೆಯುತ್ತದೆ ಎಂದು ಯಾರಾದರೂ ಕೇಳಿದರೆ, ಖಾತೆ, ಪಡಿತರ, ಪಿಂಚಣಿ, ಆಸ್ಪತ್ರೆಯ ನೆರವು ಎಲ್ಲವೂ ಈಗ ಆ ಒಂದು ಕಾರ್ಡಿನ ಹಿಂದೆ ಸಾಲಾಗಿ ನಿಂತಿವೆ ಎಂಬುದೇ ನನ್ನ ಉತ್ತರ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ವಿದ್ಯಾರ್ಥಿನಿಯೊಬ್ಬರು, ಇಷ್ಟೆಲ್ಲ ಮಾಡುವ ಬದಲು ಅವರನ್ನು ಈ ವೃತ್ತಿಯಿಂದಲೇ ಹೊರತರಬಾರದೇಕೆ ಎಂದು ಕೇಳಿದರು. ಹೊರಬರಬೇಕೆನ್ನುವವರಿಗೆ ದಾರಿ ಇರಲೇಬೇಕು, ಬಲವಂತದಿಂದ ತರಲ್ಪಟ್ಟವರನ್ನು ಮತ್ತು ಹದಿನೆಂಟು ತುಂಬದವರನ್ನು ರಕ್ಷಿಸುವುದರಲ್ಲಿ ಎರಡು ಮಾತಿಲ್ಲ. ಆದರೆ ಬಿಡುವುದಕ್ಕೂ ಬಂಡವಾಳ ಬೇಕು. ಉಳಿತಾಯ ಇದ್ದವಳು, ಋಣ ತೀರಿಸಿದವಳು, ಮಗನನ್ನು ಓದಿಸಿದವಳು ತನಗೆ ಬೇಕಾದ ದಿನ ಬಿಡಬಲ್ಲಳು. ಇದ್ದರೂ ಸುರಕ್ಷಿತವಾಗಿ ಇರಬಲ್ಲಳು. ಎರಡಕ್ಕೂ ಬೇಕಾದದ್ದು ಅದೇ ಪಾಸ್‌ಬುಕ್ಕು.

ಎರಡನೆಯ ಪ್ರಶ್ನೆ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರದು. ನಾಳೆ ನಮ್ಮ ಶಾಖೆಯಲ್ಲಿ ನಾನೇನು ಮಾಡಬಹುದು ಎಂದು ಅವರು ಕೇಳಿದರು. ನಾನು ಹೇಳಿದ್ದು ಇಷ್ಟು. ಅರ್ಜಿಯ ಉದ್ಯೋಗದ ಕಲಮನ್ನು ಎಲ್ಲರಿಗೂ ಕೇಳುವಂತೆ ಓದಬೇಡಿ. ಸ್ವಯಂ ಉದ್ಯೋಗ ಎಂದು ಅವಳು ಬರೆದರೆ ಮತ್ತೆ ಪ್ರಶ್ನಿಸಬೇಡಿ. ಜಂಟಿ ಖಾತೆಗೆ ಒತ್ತಾಯಿಸಬೇಡಿ, ಒಬ್ಬಳ ಹೆಸರಲ್ಲೇ ತೆರೆಯಿರಿ. ಪಾಸ್‌ಬುಕ್ಕನ್ನು ಮನೆಗೆ ಒಯ್ಯಲಾಗದವರು ಅದನ್ನು ಸಂಘದ ಕಪಾಟಿನಲ್ಲಿ ಇಡುತ್ತಾರೆ, ಅದಕ್ಕೆ ಆಕ್ಷೇಪಿಸಬೇಡಿ. ರಾತ್ರಿ ದುಡಿದವಳು ಹಗಲು ಹನ್ನೊಂದಕ್ಕೆ ಎದ್ದು ಬರುವಾಗ ನಿಮ್ಮ ಸರತಿ ಸಾಲು ಬಾಗಿಲವರೆಗೆ ಬಂದಿರುತ್ತದೆ, ಆ ಸಾಲಿನಲ್ಲಿ ಅವಳ ಗಿರಾಕಿಯೂ ನಿಂತಿರಬಹುದು. ಆದ್ದರಿಂದ ಶಾಖೆಯ ಹೊರಗೆ ಹಣ ಕಟ್ಟಿಸಿಕೊಳ್ಳುವ ನಿಮ್ಮ ಬ್ಯಾಂಕ್ ಮಿತ್ರರನ್ನು ವಾರಕ್ಕೆ ಎರಡು ಸಂಜೆ ಸಂಘದ ಕಚೇರಿಗೆ ಕಳಿಸಿ, 20 ರೂಪಾಯಿ ಕೊಟ್ಟರೂ ತೆಗೆದುಕೊಂಡು ಚೀಟಿ ಕೊಡಲಿ. ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಇದನ್ನೆಲ್ಲ ಬರೆದುಕೊಂಡು, ಸಂಘದ ಕಚೇರಿ ಯಾವ ಓಣಿಯಲ್ಲಿದೆ, ಸಂಜೆ ಎಷ್ಟು ಗಂಟೆಗೆ ಬಂದರೆ ಅನುಕೂಲ ಎಂದು ಕೇಳಿದರು. ಐದೂವರೆಗೆ, ಎಲ್ಲರೂ ಬಸ್ ನಿಲ್ದಾಣದ ಕಡೆ ಹೊರಡುವ ಮುಂಚೆ, ಎಂದು ಹೇಳಿದೆ.